ತಂಬಾಕು ಕಾರ್ಖಾನೆಯಿಂದ ಬಲಿಪೀಠದವರೆಗೆ

1897ರ ಜುಲೈ ತಿಂಗಳು. ಅಮೆರಿಕದ ಶಿಕಾಗೋ ನಗರ ಬಿರುಬಿಸಿಲಿನಲ್ಲಿ ಬೇಯುತ್ತಿತ್ತು. ಗುರುಗಳ ಧ್ಯಾನಕೂಟವನ್ನು ಮುಗಿಸಿಕೊಂಡು ರೈಲಿನಿಂದಿಳಿದು ಮನೆಯತ್ತ ನಡೆದಿದ್ದ ಕಪ್ಪು ವರ್ಣದ ಗುರುವೊಬ್ಬರು ದಾರಿಯಲ್ಲೇ ಕುಸಿದು ಬಿದ್ದರು. ಅವರನ್ನು ಮರ್ಸಿ ಆಸ್ಪತ್ರೆಗೆ ಸಾಗಿಸಲಾಯಿತು. ವೃದ್ಧ ತಾಯಿ ಮತ್ತು ತಂಗಿ ಹಾಸಿಗೆಯ ಪಕ್ಕದಲ್ಲಿ ನಿಂತು ಪ್ರಾರ್ಥಿಸುತ್ತಿದ್ದರು. ಜುಲೈ 9ರಂದು ಅವರು ಪ್ರಾಣ ಬಿಟ್ಟರು. ಅವರಿಗೆ ಆಗ ಕೇವಲ 43 ವರ್ಷ.

ಆ ಗುರುವಿನ ಹೆಸರು ಅಗಸ್ಟಸ್ ಟೋಲ್ಟನ್. ಗುಲಾಮಗಿರಿಯಲ್ಲಿ ಹುಟ್ಟಿ, ತಂಬಾಕು ಕಾರ್ಖಾನೆಯಲ್ಲಿ ದುಡಿದು, ತನ್ನ ದೇಶದ ಯಾವ ಗುರುಮಠವೂ ಸೇರಿಸಿಕೊಳ್ಳದಿದ್ದಾಗ ರೋಮ್ ನಗರಕ್ಕೆ ಹೋಗಿ ಗುರುದೀಕ್ಷೆ ಪಡೆದು ಬಂದವರು ಅವರು. ತಾನು ಕಪ್ಪು ಜನಾಂಗದವನೆಂದು ಎಲ್ಲರಿಗೂ ತಿಳಿದಿದ್ದು ಅಮೆರಿಕದಲ್ಲಿ ಸೇವೆ ಸಲ್ಲಿಸಿದ ಮೊದಲ ಕಥೋಲಿಕ ಗುರು ಅವರೇ. 2019ರ ಜೂನ್ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರು ಟೋಲ್ಟನ್‌ರ ಸದ್ಗುಣಗಳನ್ನು ಅಧಿಕೃತವಾಗಿ ಅಂಗೀಕರಿಸಿ ‘ಪೂಜ್ಯ’ ಎಂಬ ಪದವಿಯನ್ನು ನೀಡಿದರು. ಸಂತ ಪದವಿಯತ್ತ ಸಾಗುವ ಹಾದಿಯಲ್ಲಿ ಇದೊಂದು ಮುಖ್ಯ ಮೆಟ್ಟಿಲು.

ಇಂಥ ಜೀವನವನ್ನು ಓದುವಾಗ ನಾವು ಸಾಮಾನ್ಯವಾಗಿ ‘ಶ್ರಮಪಟ್ಟರೆ ಯಾವ ಬಡವನೂ ಮೇಲೇರಬಹುದು’ ಎಂದು ಹೇಳಿ ನೆಮ್ಮದಿಯಿಂದ ಪುಟ ಮಗುಚುತ್ತೇವೆ. ಆದರೆ ಟೋಲ್ಟನ್‌ರ ಬಾಳು ಅಷ್ಟು ಸುಲಭವಾದ ಉತ್ತರವನ್ನು ಕೊಡುವುದಿಲ್ಲ. ಅವರಲ್ಲಿ ಶ್ರಮವೂ ಇತ್ತು, ಪ್ರತಿಭೆಯೂ ಇತ್ತು, ಅಚಲವಾದ ವಿಶ್ವಾಸವೂ ಇತ್ತು. ಆದರೂ ಅವು ಫಲಿಸಿದ್ದು ಯಾರೋ ಒಬ್ಬರು ಬಾಗಿಲು ತೆರೆದಾಗ ಮಾತ್ರ.

ನದಿ ದಾಟಿದ ತಾಯಿ

ಅಗಸ್ಟಸ್ ಹುಟ್ಟಿದ್ದು 1854ರ ಏಪ್ರಿಲ್ 1ರಂದು, ಮಿಸೌರಿ ರಾಜ್ಯದ ಬ್ರಷ್ ಕ್ರೀಕ್ ಎಂಬ ಹಳ್ಳಿಯಲ್ಲಿ. ತಂದೆ ಪೀಟರ್ ಪಾಲ್ ಟೋಲ್ಟನ್, ತಾಯಿ ಮಾರ್ಥಾ ಜೇನ್. ಇಬ್ಬರೂ ಕಥೋಲಿಕರು, ಇಬ್ಬರೂ ಗುಲಾಮರು. ಅವರ ಒಡೆಯರೂ ಕಥೋಲಿಕರೇ. ಮಗುವಿಗೆ ಊರಿನ ಸಂತ ಪೇತ್ರರ ದೇವಾಲಯದಲ್ಲಿ ದೀಕ್ಷಾಸ್ನಾನವಾಯಿತು. ಒಡೆಯನ ಪತ್ನಿಯೇ ಜ್ಞಾನತಾಯಿಯಾಗಿ ನಿಂತಳು. ಒಂದೇ ಬಲಿಪೀಠದ ಮುಂದೆ ಮೊಣಕಾಲೂರಿ ಒಂದೇ ಪ್ರಾರ್ಥನೆಯನ್ನು ಹೇಳುತ್ತಿದ್ದವರಲ್ಲಿ ಕೆಲವರು ಉಳಿದವರನ್ನು ದನಕರುಗಳಂತೆ ಕೊಳ್ಳಬಹುದಾಗಿತ್ತು, ಮಾರಬಹುದಾಗಿತ್ತು. ಕರಿಯರಿಗೆ ಓದುಬರಹ ಕಲಿಸುವುದನ್ನೇ ಮಿಸೌರಿ ರಾಜ್ಯ 1847ರ ಕಾನೂನಿನ ಮೂಲಕ ನಿಷೇಧಿಸಿತ್ತು.

1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ತಂದೆ ತಪ್ಪಿಸಿಕೊಂಡು ಉತ್ತರದ ಸೈನ್ಯವನ್ನು ಸೇರಲು ಹೋದ. ಆತ ಮತ್ತೆ ಮನೆಗೆ ಹಿಂದಿರುಗಲಿಲ್ಲ. 1862ರಲ್ಲಿ ಮಾರ್ಥಾ ತನ್ನ ಮೂವರು ಮಕ್ಕಳಾದ ಚಾರ್ಲ್ಸ್, ಅಗಸ್ಟಸ್ ಮತ್ತು ಕೈಗೂಸು ಆ್ಯನ್ ಅವರನ್ನು ಕರೆದುಕೊಂಡು ಹೊರಟಳು. ಕುಟುಂಬದ ನೆನಪಿನಲ್ಲಿ ಉಳಿದುಬಂದಂತೆ, ಹ್ಯಾನಿಬಲ್ ಎಂಬ ಊರಿನ ಬಳಿ ದಕ್ಷಿಣದ ಪರವಾದ ಸೈನಿಕರು ಅವರನ್ನು ಹಿಡಿಯಲು ಬಂದರು, ಉತ್ತರದ ಸೈನಿಕರು ಅಡ್ಡಬಂದು ಬಿಡಿಸಿದರು. ಹಳೆಯ ದೋಣಿಯೊಂದರಲ್ಲಿ ಮಕ್ಕಳನ್ನು ಕೂರಿಸಿ, ತಾನೇ ಹುಟ್ಟುಹಾಕಿ, ಆ ತಾಯಿ ಮಿಸ್ಸಿಸ್ಸಿಪ್ಪಿ ನದಿಯನ್ನು ದಾಟಿದಳು. ಆಚೆ ದಡದ ಇಲಿನಾಯ್ ರಾಜ್ಯದಲ್ಲಿ ಗುಲಾಮಗಿರಿ ಇರಲಿಲ್ಲ. ಅವರು ಹೋಗಿ ನೆಲೆಸಿದ್ದು ಕ್ವಿನ್ಸಿ ಎಂಬ ಪಟ್ಟಣದಲ್ಲಿ.

ಬಿಡುಗಡೆ ಸಿಕ್ಕಿತು, ಬಡತನ ಹೋಗಲಿಲ್ಲ. ತಾಯಿ ಮತ್ತು ಇಬ್ಬರು ಗಂಡುಮಕ್ಕಳು ತಂಬಾಕಿನ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದರು. ಬೆಳಗಿನಿಂದ ಸಂಜೆಯವರೆಗೆ ಎಲೆ ಬಿಡಿಸುವುದು, ಸುತ್ತುವುದು, ಅದರ ಧೂಳನ್ನು ಉಸಿರಾಡುವುದು. ಅಣ್ಣ ಚಾರ್ಲ್ಸ್ ಕ್ವಿನ್ಸಿಗೆ ಬಂದ ಕೆಲವೇ ಕಾಲದಲ್ಲಿ ತೀರಿಕೊಂಡ. ಅಗಸ್ಟಸ್‌ನ ಸಾಧನೆಯನ್ನು ಕೊಂಡಾಡುವ ನಾವು ಆ ಬಾಲಕನನ್ನು ಮರೆಯಬಾರದು. ಅವನೂ ಅದೇ ತಾಯಿಯ ಮಗ, ಅದೇ ನದಿಯನ್ನು ದಾಟಿದವನು. ಅವನಲ್ಲಿ ಎಂಥ ಶಕ್ತಿ ಅಡಗಿತ್ತೆಂದು ತಿಳಿಯುವ ಅವಕಾಶವೇ ಲೋಕಕ್ಕೆ ಸಿಗಲಿಲ್ಲ.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಚಳಿಗಾಲದಲ್ಲಿ ತಂಬಾಕಿನ ಕೆಲಸ ನಿಲ್ಲುತ್ತಿತ್ತು. ಆ ಕೆಲವು ತಿಂಗಳುಗಳಲ್ಲಾದರೂ ಮಗ ನಾಲ್ಕು ಅಕ್ಷರ ಕಲಿಯಲೆಂದು ತಾಯಿ ಅವನನ್ನು ಜರ್ಮನ್ ಕಥೋಲಿಕರ ಧರ್ಮಕೇಂದ್ರದ ಶಾಲೆಗೆ ಸೇರಿಸಿದಳು. ಬಿಳಿಯ ಮಕ್ಕಳು ಅವನನ್ನು ಹೀಯಾಳಿಸಿದರು. ಅವರ ತಂದೆತಾಯಿಗಳು ಕರಿಯ ಹುಡುಗನನ್ನು ಹೊರಹಾಕಬೇಕೆಂದು ಪಟ್ಟುಹಿಡಿದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅಗಸ್ಟಸ್ ಶಾಲೆ ಬಿಡಬೇಕಾಯಿತು.

ಅದೇ ಪಟ್ಟಣದಲ್ಲಿ ಐರಿಷ್ ಕಥೋಲಿಕರ ಇನ್ನೊಂದು ಧರ್ಮಕೇಂದ್ರವಿತ್ತು. ಅಲ್ಲಿನ ಗುರು ಫಾದರ್ ಪೀಟರ್ ಮ್ಯಾಕ್‌ಗರ್ ಐರ್ಲೆಂಡಿನಿಂದ ವಲಸೆ ಬಂದವರು. ಅವರು ಅಗಸ್ಟಸ್‌ನನ್ನು ತಮ್ಮ ಶಾಲೆಗೆ ಸೇರಿಸಿಕೊಂಡರು. ಅಲ್ಲಿಯೂ ಪ್ರತಿಭಟನೆಗಳು ಎದ್ದವು. ಆದರೆ ಫಾದರ್ ಮ್ಯಾಕ್‌ಗರ್ ಮಣಿಯಲಿಲ್ಲ. ಹುಡುಗ ಶಾಲೆಯಲ್ಲಿ ಉಳಿದ.

ವಯಸ್ಸಿನಲ್ಲಿ ತನಗಿಂತ ಚಿಕ್ಕವರಾದ ಮಕ್ಕಳ ಜೊತೆ ಕುಳಿತು ಅಕ್ಷರ ಕಲಿಯುವುದು ಬೆಳೆಯುತ್ತಿರುವ ಹುಡುಗನಿಗೆ ಸುಲಭವಲ್ಲ. ಭಗಿನಿಯರು ತಾಳ್ಮೆಯಿಂದ ಕಲಿಸಿದರು. ಅಗಸ್ಟಸ್ ಓದಲು ಕಲಿತ, ಬಲಿಪೂಜೆಯಲ್ಲಿ ಪೀಠ ಸೇವಕನಾದ, ಲತೀನ್ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿದ. 1872ರಲ್ಲಿ ಆ ಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿದಾಗ ಅವನಿಗೆ 18 ವರ್ಷ. ಗುರುವಾಗಬೇಕೆಂಬ ಹಂಬಲ ಮನಸ್ಸಿನಲ್ಲಿ ಬೇರೂರಿತ್ತು.

ಆದರೆ ಅಮೆರಿಕದ ಒಂದೇ ಒಂದು ಗುರುಮಠವೂ ಅವನನ್ನು ಸ್ವೀಕರಿಸಲು ಸಿದ್ಧವಿರಲಿಲ್ಲ. ವರ್ಷಗಳು ಉರುಳಿದವು. ಹಗಲು ಕೂಲಿ, ಉಳಿದ ಹೊತ್ತಿನಲ್ಲಿ ಪಾಠ. ಕ್ವಿನ್ಸಿಯ ಕೆಲವು ಗುರುಗಳು ಅವನಿಗೆ ಖಾಸಗಿಯಾಗಿ ಲತೀನ್, ಗ್ರೀಕ್, ಜರ್ಮನ್ ಭಾಷೆಗಳನ್ನು ಕಲಿಸಿದರು. ಫ್ರಾನ್ಸಿಸ್ಕನ್ ಸಭೆಯವರು ತಮ್ಮ ಕಾಲೇಜಿನ ಬಾಗಿಲು ತೆರೆದರು. ಕೊನೆಗೆ ಅವರೇ ರೋಮ್ ನಗರದಲ್ಲಿದ್ದ ತಮ್ಮ ಮಹಾಶ್ರೇಷ್ಠರಿಗೆ ಬರೆದು, ಧರ್ಮಪ್ರಚಾರ ಸಂಸ್ಥೆಯ ಉರ್ಬಾನೊ ಗುರುಮಠದಲ್ಲಿ ಸ್ಥಾನ ದೊರೆಯುವಂತೆ ಮಾಡಿದರು. 1880ರಲ್ಲಿ, 26ರ ಹೊಸ್ತಿಲಲ್ಲಿದ್ದ ಅಗಸ್ಟಸ್ ಹಡಗು ಹತ್ತಿದ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಟೋಲ್ಟನ್ ಹುಟ್ಟಿದ ವರ್ಷವೇ, ಎಂದರೆ 1854ರಲ್ಲೇ, ಜೇಮ್ಸ್ ಹೀಲಿ ಎಂಬ ತರುಣ ಪ್ಯಾರಿಸ್‌ನಲ್ಲಿ ಗುರುದೀಕ್ಷೆ ಪಡೆದಿದ್ದರು. ಅವರ ತಂದೆ ಐರಿಷ್ ಭೂಮಾಲಿಕ, ತಾಯಿ ಗುಲಾಮ ಸ್ತ್ರೀ. ಅವರ ಇಬ್ಬರು ತಮ್ಮಂದಿರೂ ಗುರುಗಳಾದರು. ಜೇಮ್ಸ್ ಅವರು 1875ರಲ್ಲಿ ಪೋರ್ಟ್‌ಲ್ಯಾಂಡ್ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರೂ ಆದರು. ಆದರೆ ಹೀಲಿ ಸೋದರರ ಮೈಬಣ್ಣ ತಿಳಿಯಾಗಿದ್ದುದರಿಂದ ಸಮಾಜ ಅವರನ್ನು ಐರಿಷ್ ಮೂಲದವರೆಂದೇ ಎಣಿಸಿತ್ತು. ಹೀಲಿಯವರಿಗೆ ತೆರೆದ ಬಾಗಿಲು ಟೋಲ್ಟನ್‌ರಿಗೆ ಏಕೆ ತೆರೆಯಲಿಲ್ಲ ಎಂಬ ಪ್ರಶ್ನೆಗೆ ಬೇರೆ ಉತ್ತರ ಹುಡುಕಬೇಕಾಗಿಲ್ಲ.

ರೋಮಿನಿಂದ ಮತ್ತೆ ಕ್ವಿನ್ಸಿಗೆ

ರೋಮ್ ನಗರದಲ್ಲಿ ಟೋಲ್ಟನ್ ಆರು ವರ್ಷ ಕಳೆದರು. ಲೋಕದ ನಾನಾ ದೇಶಗಳ ವಿದ್ಯಾರ್ಥಿಗಳಿದ್ದ ಆ ಗುರುಮಠದಲ್ಲಿ ಮೈಬಣ್ಣವನ್ನು ನೋಡಿ ದೂರ ಸರಿಯುವವರಿರಲಿಲ್ಲ. ತನ್ನ ದೇಶದಲ್ಲಿ ತನಗೆ ಜಾಗವಿಲ್ಲವೆಂದು ಭಾವಿಸಿದ್ದ ಅವರು ಆಫ್ರಿಕಾದಲ್ಲಿ ಸೇವೆ ಸಲ್ಲಿಸಲು ಮನಸ್ಸನ್ನು ಅಣಿಗೊಳಿಸಿದ್ದರು. ಆದರೆ ಗುರುದೀಕ್ಷೆಯ ದಿನ ಸಮೀಪಿಸಿದಾಗ ಧರ್ಮಪ್ರಚಾರ ಸಂಸ್ಥೆಯ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಸಿಮಿಯೋನಿ ಅವರು ಬೇರೆಯೇ ನಿರ್ಧಾರ ಮಾಡಿದರು. ಅಮೆರಿಕ ಇದುವರೆಗೆ ಕಪ್ಪು ಗುರುವನ್ನು ಕಂಡಿಲ್ಲವಾದರೆ ಈಗ ಕಾಣಲಿ ಎಂಬುದು ಅವರ ಅಭಿಪ್ರಾಯ. ಅಮೆರಿಕ ಕೂಡ ನಮ್ಮ ಭಾರತದಂತೆ ಅಂದು ಆ ಸಂಸ್ಥೆಯ ಅಧೀನದಲ್ಲೇ ಇತ್ತು. 1908ರವರೆಗೂ ಅದನ್ನು ಧರ್ಮಪ್ರಚಾರದ ನಾಡೆಂದೇ ಪರಿಗಣಿಸಲಾಗುತ್ತಿತ್ತು.

1886ರ ಏಪ್ರಿಲ್ 24ರ ಪವಿತ್ರ ಶನಿವಾರದಂದು ಸಂತ ಯೊವಾನ್ನರ ಲ್ಯಾಟರನ್ ಮಹಾದೇವಾಲಯದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಮರುದಿನ ಪಾಸ್ಖ ಹಬ್ಬ. ಸಂತ ಪೇತ್ರರ ಮಹಾದೇವಾಲಯದಲ್ಲಿ ಅವರು ತಮ್ಮ ಮೊದಲ ಬಲಿಪೂಜೆಯನ್ನು ಅರ್ಪಿಸಿದರು. ಗುಲಾಮಳಾಗಿದ್ದ ತಾಯಿಯ ಮಗ ಕ್ರೈಸ್ತ ಲೋಕದ ಹೃದಯಸ್ಥಾನದಲ್ಲಿ ನಿಂತು ಪ್ರಭುವಿನ ಶರೀರವನ್ನು ಎತ್ತಿ ಹಿಡಿದ ಆ ಕ್ಷಣವನ್ನು ಊಹಿಸಿಕೊಂಡರೆ ಮನಸ್ಸು ತುಂಬಿ ಬರುತ್ತದೆ.

ಆದರೆ ಹಬ್ಬದ ಮರುದಿನಗಳೂ ಇರುತ್ತವೆ. ಅದೇ ವರ್ಷದ ಜುಲೈ ತಿಂಗಳಲ್ಲಿ ಕ್ವಿನ್ಸಿ ಪಟ್ಟಣ ಅವರನ್ನು ವೈಭವದಿಂದ ಬರಮಾಡಿಕೊಂಡಿತು. ಸಂತ ಜೋಸೆಫರ ಹೆಸರಿನ ಚಿಕ್ಕ ಧರ್ಮಕೇಂದ್ರವನ್ನು ಅವರಿಗೆ ವಹಿಸಲಾಯಿತು. ಅದು ಕರಿಯರಿಗಾಗಿಯೇ ಇದ್ದ ದೇವಾಲಯ. ಫಾದರ್ ಟೋಲ್ಟನ್‌ರ ಕಂಠ ಚೆನ್ನಾಗಿತ್ತು, ಪ್ರಬೋಧನೆ ಹೃದಯವನ್ನು ತಟ್ಟುತ್ತಿತ್ತು. ಬಿಳಿಯರೂ ಅವರ ಪೂಜೆಗೆ ಬರತೊಡಗಿದರು. ನೆರೆಯ ಧರ್ಮಕೇಂದ್ರದ ಬಿಳಿಯ ಗುರುವಿಗೆ ಇದು ಸಹ್ಯವಾಗಲಿಲ್ಲ. ಬಿಳಿಯರನ್ನು ಸೇರಿಸಿಕೊಳ್ಳದೆ ನಿಮ್ಮ ಜನರನ್ನಷ್ಟೇ ನೋಡಿಕೊಳ್ಳಿ ಎಂಬ ಆಜ್ಞೆ ಬಂತು. ಇನ್ನೊಂದು ಕಡೆ, ಕರಿಯರಲ್ಲಿ ಹೆಚ್ಚಿನವರು ಬೇರೆ ಕ್ರೈಸ್ತ ಸಭೆಗಳಿಗೆ ಸೇರಿದವರಾಗಿದ್ದರು. ಅವರ ಬೋಧಕರೂ ಟೋಲ್ಟನ್‌ರನ್ನು ಪ್ರತಿಸ್ಪರ್ಧಿಯಂತೆ ಕಂಡರು. ಮೂರು ವರ್ಷಗಳ ಈ ಇಕ್ಕಟ್ಟಿನಿಂದ ಬಳಲಿದ ಅವರು ವರ್ಗಾವಣೆಯನ್ನು ಕೋರಿ ರೋಮ್ ನಗರಕ್ಕೆ ಬರೆದರು. 1889ರ ಡಿಸೆಂಬರ್‌ನಲ್ಲಿ ಶಿಕಾಗೋ ನಗರಕ್ಕೆ ಹೊರಟರು.

ಶಿಕಾಗೋದ ಬಡವರ ನಡುವೆ

ಶಿಕಾಗೋದ ಕಪ್ಪು ಕಥೋಲಿಕರು ಅಂದು ಸಂತ ಮೇರಿಯವರ ದೇವಾಲಯದ ನೆಲಮಾಳಿಗೆಯಲ್ಲಿ ಸೇರುತ್ತಿದ್ದರು. ಮೇಲೆ ಬಿಳಿಯರ ಪೂಜೆ, ಕೆಳಗೆ ಕರಿಯರ ಪೂಜೆ. ಮಹಾಧರ್ಮಾಧ್ಯಕ್ಷ ಪ್ಯಾಟ್ರಿಕ್ ಫೀಹನ್ ಅವರ ಬೆಂಬಲದಿಂದ ಟೋಲ್ಟನ್ ತಮ್ಮ ಜನರಿಗಾಗಿ ದೇವಾಲಯವೊಂದನ್ನು ಕಟ್ಟಲು ಮುಂದಾದರು. ನಗರದ ದಕ್ಷಿಣ ಭಾಗದಲ್ಲಿ ಸಂತ ಮೋನಿಕಾರ ದೇವಾಲಯ ಎದ್ದಿತು. ಕೆಲಸ ಪೂರ್ತಿಯಾಗುವ ಮೊದಲೇ, 1894ರ ಆರಂಭದಲ್ಲಿ, ಅದರ ಪ್ರತಿಷ್ಠಾಪನೆಯಾಯಿತು. ತನ್ನ ಪಿತ್ರಾರ್ಜಿತ ಸಂಪತ್ತನ್ನೆಲ್ಲ ಕಪ್ಪು ಜನರ ಮತ್ತು ಮೂಲನಿವಾಸಿಗಳ ಏಳಿಗೆಗಾಗಿ ಮುಡಿಪಿಟ್ಟ ಕ್ಯಾಥರಿನ್ ಡ್ರೆಕ್ಸೆಲ್ ಅವರೂ ನೆರವು ನೀಡಿದರು. ಅವರು 2000ದಲ್ಲಿ ಸಂತ ಪದವಿಗೆ ಏರಿದವರು.

ಟೋಲ್ಟನ್‌ರ ದಿನಗಳು ಕಳೆಯುತ್ತಿದ್ದುದು ಬಡವರ ಬಿಡಾರಗಳಲ್ಲಿ. ರೋಗಿಗಳ ಬಳಿ ಕೂರುವುದು, ಕೆಲಸವಿಲ್ಲದವರಿಗಾಗಿ ಬೇಡುವುದು, ಹಸಿದವರಿಗೆ ರೊಟ್ಟಿ ಹೊಂದಿಸುವುದು. ತಾಯಿ ಮಾರ್ಥಾ ಮಗನ ಜೊತೆಯಲ್ಲಿದ್ದು ಮನೆಯನ್ನೂ ದೇವಾಲಯದ ವಸ್ತ್ರಗಳನ್ನೂ ನೋಡಿಕೊಳ್ಳುತ್ತಿದ್ದಳು. ಇಡೀ ದೇಶದಿಂದ ಅವರಿಗೆ ಪತ್ರಗಳು ಬರುತ್ತಿದ್ದವು, ಪ್ರವಚನಕ್ಕೆ ಕರೆಗಳು ಬರುತ್ತಿದ್ದವು. ಒಬ್ಬನೇ ಗುರು ಎಷ್ಟು ಕಡೆ ಇರಬಲ್ಲ? ತನ್ನ ಒಂಟಿತನವನ್ನೂ ದಣಿವನ್ನೂ ಅವರು ಮದರ್ ಡ್ರೆಕ್ಸೆಲ್‌ರಿಗೆ ಬರೆದ ಪತ್ರಗಳಲ್ಲಿ ತೋಡಿಕೊಂಡಿದ್ದಾರೆ. 1893ರ ಹೊತ್ತಿಗೆ ಆರೋಗ್ಯ ಕೆಡತೊಡಗಿತು. 1895ರಲ್ಲಿ ಕೆಲಕಾಲ ಸೇವೆಯಿಂದ ಬಿಡುವು ಪಡೆಯಬೇಕಾಯಿತು. ಎರಡು ವರ್ಷಗಳ ಬಳಿಕ ಆ ಬಿಸಿಲಿನ ದಿನ ಬಂತು.

ಅವರ ಆತ್ಮದ ಬೆಳವಣಿಗೆಯ ಗುಟ್ಟು ಯಾವುದು? ಅವಮಾನಗಳು ಅವರನ್ನು ನೋಯಿಸಿದವು, ಆದರೆ ಕಹಿಯಾಗಿಸಲಿಲ್ಲ. ತನ್ನನ್ನು ಹೊರದಬ್ಬಿದ ಧರ್ಮಸಭೆಯನ್ನು ಅವರು ತೊರೆಯಲಿಲ್ಲ. ಅದು ತಾನು ನಂಬಿದ್ದ ಕ್ರಿಸ್ತನ ಮನೆ, ಕೆಲವು ಜನರ ಸ್ವತ್ತಲ್ಲ ಎಂಬುದು ಅವರ ನಿಲುವು. ಆದರೆ ಅವರ ಸಹನೆಯನ್ನು ಹೊಗಳುವ ಭರದಲ್ಲಿ ಅವರಿಗೆ ಅನ್ಯಾಯ ಮಾಡಿದವರ ಪಾಪವನ್ನು ಮರೆತರೆ ಅದು ಇನ್ನೊಂದು ಅನ್ಯಾಯ. ಜೆಸ್ವಿಟ್ ಗುರುಗಳೇ 1838ರಲ್ಲಿ 272 ಮಂದಿ ಗುಲಾಮರನ್ನು ಮಾರಿ, ಬಂದ ಹಣದ ಒಂದು ಭಾಗದಿಂದ ತಮ್ಮ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಿದ್ದರು. ಸಂಸ್ಥೆಯು ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಬೇಡಿದ್ದು 2017ರಲ್ಲಿ.

ಅದೇ ನಗರ, ಮುಂದಿನ ಪೀಳಿಗೆಗಳು

ಟೋಲ್ಟನ್ ತೀರಿಕೊಂಡ ಹಿಂದಿನ ವರ್ಷ, ಎಂದರೆ 1896ರಲ್ಲಿ, ಬಿಳಿಯರನ್ನೂ ಕರಿಯರನ್ನೂ ಪ್ರತ್ಯೇಕವಾಗಿ ಇರಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ನೀಡಿತ್ತು. ದಕ್ಷಿಣದ ರಾಜ್ಯಗಳ ದಬ್ಬಾಳಿಕೆಯಿಂದ ತಪ್ಪಿಸಿಕೊಂಡು 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನರು ಉತ್ತರ ಮತ್ತು ಪಶ್ಚಿಮದ ನಗರಗಳಿಗೆ ವಲಸೆ ಬಂದರು. 1910ರಲ್ಲಿ ಸುಮಾರು 44 ಸಾವಿರವಿದ್ದ ಶಿಕಾಗೋದ ಕಪ್ಪು ಜನಸಂಖ್ಯೆ 1970ರ ವೇಳೆಗೆ 10 ಲಕ್ಷವನ್ನು ಮೀರಿತು.

ಗಂಡಸರು ಕಸಾಯಿಖಾನೆಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದು ಸಂಸಾರ ಕಟ್ಟಿದರು. ಆದರೆ ಮನೆ ಕೊಳ್ಳಲು ಹೋದರೆ ಸಾಲ ಸಿಗುತ್ತಿರಲಿಲ್ಲ. 1930ರ ದಶಕದಲ್ಲಿ ಸರಕಾರಿ ಸಂಸ್ಥೆಯೇ ತಯಾರಿಸಿದ ನಕ್ಷೆಗಳಲ್ಲಿ ಕರಿಯರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಲಾಗಿತ್ತು. ಅಲ್ಲಿಗೆ ಸಾಲ ಕೊಡುವುದು ಅಪಾಯ ಎಂದು ಅದರ ಅರ್ಥ. ಮನೆ ಇಲ್ಲದವನಿಗೆ ಆಸ್ತಿ ಇಲ್ಲ, ಆಸ್ತಿ ಇಲ್ಲದವನು ಮಕ್ಕಳಿಗೆ ಬಿಟ್ಟುಹೋಗುವುದು ಬಡತನವನ್ನೇ. 1966ರ ಆಗಸ್ಟಿನಲ್ಲಿ ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರು ಮನೆಯ ಹಕ್ಕಿಗಾಗಿ ಮೆರವಣಿಗೆ ನಡೆಸಿದಾಗ ಶಿಕಾಗೋದ ಮಾರ್ಕೆಟ್ ಪಾರ್ಕ್ ಬಡಾವಣೆಯಲ್ಲಿ ಅವರ ತಲೆಗೆ ಕಲ್ಲೇಟು ಬಿತ್ತು. ಆ ಬಡಾವಣೆಯ ನಿವಾಸಿಗಳಲ್ಲಿ ಬಹುಪಾಲು ಕಥೋಲಿಕರು. ಕಿಂಗ್ ಅವರ ಜೊತೆ ನಡೆಯುತ್ತಿದ್ದವರಲ್ಲಿಯೂ ಕಥೋಲಿಕ ಗುರುಗಳು, ಭಗಿನಿಯರು ಇದ್ದರು. ಕ್ವಿನ್ಸಿಯ ಎರಡು ಶಾಲೆಗಳು ಮತ್ತೆ ಎದುರುಬದುರಾಗಿ ನಿಂತಂತಿತ್ತು.

1971ರಲ್ಲಿ ಶಿಕಾಗೋದ ಬೃಹತ್ ಕಸಾಯಿ ಮಾರುಕಟ್ಟೆ ಮುಚ್ಚಿತು. 1980ರಿಂದ 1992ರ ನಡುವೆ ದಕ್ಷಿಣ ಭಾಗದ ದೊಡ್ಡ ಉಕ್ಕಿನ ಕಾರ್ಖಾನೆಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಕೈಯಲ್ಲಿ ಕೆಲಸವಿಲ್ಲದ ತಂದೆ, ಬೀದಿಯಲ್ಲಿ ಬೆಳೆಯುವ ಮಗ, ಸೆರೆಮನೆಯ ದಾರಿ ಎಂಬ ಸರಪಳಿ ಆರಂಭವಾಯಿತು. ಅಮೆರಿಕದ ಜನಗಣತಿ ಇಲಾಖೆಯ ಪ್ರಕಾರ 2019ರಲ್ಲಿ ಕಪ್ಪು ಜನರಲ್ಲಿ ಬಡತನದ ಪ್ರಮಾಣ ಶೇಕಡಾ 18.8 ಇತ್ತು. ಅದು ಆವರೆಗಿನ ಅತ್ಯಂತ ಕಡಿಮೆ ಪ್ರಮಾಣ. ಆದರೂ ಹಿಸ್ಪಾನಿಕ್ ಮೂಲದವರನ್ನು ಬಿಟ್ಟು ಉಳಿದ ಬಿಳಿಯರಲ್ಲಿದ್ದ ಶೇಕಡಾ 7.3ಕ್ಕೆ ಹೋಲಿಸಿದರೆ ಎರಡೂವರೆ ಪಟ್ಟು. ಸುಧಾರಣೆಯೂ ನಿಜ, ಅಂತರವೂ ನಿಜ.

ಈ ಕತ್ತಲೆಯ ನಡುವೆ ತೆರೆದ ಬಾಗಿಲುಗಳೂ ಇದ್ದವು. 1958ರಲ್ಲಿ ದಕ್ಷಿಣ ಶಿಕಾಗೋದ ಕಪ್ಪು ಹುಡುಗನೊಬ್ಬ ಸಂತ ಕಾರ್ಥೇಜರ ಹೆಸರಿನ ಕಥೋಲಿಕ ಶಾಲೆಗೆ ಆರನೆಯ ತರಗತಿಗೆ ಸೇರಿದ. ತಂದೆತಾಯಿ ಬೇರೆಯಾಗಿದ್ದ ಮನೆ. ಕುಟುಂಬ ಕಥೋಲಿಕವೂ ಆಗಿರಲಿಲ್ಲ. ಅಲ್ಲಿನ ಗುರುಗಳನ್ನೂ ಭಗಿನಿಯರನ್ನೂ ಕಂಡ ಆ ಹುಡುಗ ಕೆಲವೇ ವಾರಗಳಲ್ಲಿ ತಾನೂ ಗುರುವಾಗಬೇಕೆಂದು ತೀರ್ಮಾನಿಸಿದ. 1959ರ ಪಾಸ್ಖ ಹಬ್ಬದಲ್ಲಿ ದೀಕ್ಷಾಸ್ನಾನ ಪಡೆದ. ಆತನೇ ವಿಲ್ಟನ್ ಗ್ರೆಗರಿ. 1973ರಲ್ಲಿ ಗುರುಗಳಾದ ಅವರು 1983ರಲ್ಲಿ ಶಿಕಾಗೋದ ಸಹಾಯಕ ಧರ್ಮಾಧ್ಯಕ್ಷರಾದರು. 2020ರ ನವೆಂಬರ್ 28ರಂದು ಕಾರ್ಡಿನಲ್ ಪದವಿಗೇರಿದ ಮೊದಲ ಕಪ್ಪು ಅಮೆರಿಕನ್ ಎನಿಸಿದರು. ಟೋಲ್ಟನ್ ಕುಸಿದುಬಿದ್ದ ನಗರದಲ್ಲೇ ಈ ಬೀಜ ಮೊಳೆಯಿತು.

ನಮ್ಮ ಬಾಗಿಲುಗಳು

ಟೋಲ್ಟನ್‌ರ ಇಚ್ಛೆಯಂತೆ ಅವರ ಶರೀರವನ್ನು ಕ್ವಿನ್ಸಿಯಲ್ಲಿ ಮಣ್ಣು ಮಾಡಲಾಯಿತು. ಬಾಲ್ಯದಲ್ಲಿ ಅವರನ್ನು ಹೊರಗಟ್ಟಿದ ಊರೂ ಅದೇ, ಕೈಹಿಡಿದು ಒಳಗೆ ಕರೆದ ಊರೂ ಅದೇ. 1979ರಲ್ಲಿ ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು ವರ್ಣಭೇದವು ಪಾಪವೆಂದು ಸ್ಪಷ್ಟವಾಗಿ ಸಾರಿದರು. ಅದು ಬರಿಯ ಸಾಮಾಜಿಕ ದೋಷವಲ್ಲ, ಪಾಪನಿವೇದನೆಯ ಪೀಠಕ್ಕೆ ತರಬೇಕಾದ ಸಂಗತಿ ಎಂದು ನಾವು ಇದನ್ನು ಅರ್ಥ ಮಾಡಿಕೊಳ್ಳಬೇಕು.

ಫಾದರ್ ಮ್ಯಾಕ್‌ಗರ್ ಅವರು ಗುಲಾಮಗಿರಿಯನ್ನು ತೊಡೆದುಹಾಕಲಿಲ್ಲ, ಕಾನೂನುಗಳನ್ನು ಬದಲಿಸಲಿಲ್ಲ. ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ, ಜನ ಗದ್ದಲ ಎಬ್ಬಿಸಿದರೂ ಅವನನ್ನು ಎಬ್ಬಿಸಲಿಲ್ಲ. ಅಷ್ಟೇ. ಆ ಶಾಲೆಯನ್ನು ವಿರೋಧಿಸಿದ ತಂದೆತಾಯಿಗಳೂ ತಮ್ಮ ಮಕ್ಕಳ ಒಳಿತನ್ನೇ ಬಯಸುತ್ತಿದ್ದೇವೆಂದು ನಂಬಿದ್ದವರು, ಪ್ರತಿ ಭಾನುವಾರ ಪೂಜೆಗೆ ಬರುತ್ತಿದ್ದವರು. ಓದುಗರೇ, ನಮ್ಮ ಮಕ್ಕಳ ಪಕ್ಕದಲ್ಲಿ ಯಾರು ಕೂರಬೇಕು, ಯಾರು ಕೂರಬಾರದು ಎಂದು ನಾವು ಮನೆಯಲ್ಲಿ ಆಡುವ ಮಾತುಗಳು ಯಾವ ಶಾಲೆಯ ಕಡೆಗಿವೆ ಎಂಬುದನ್ನು ಪ್ರತಿಯೊಂದು ಕುಟುಂಬವೂ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಕರಿಯ ಮಗುವಿಗೆ ಓದುಬರಹ ಕಲಿಸುವುದನ್ನು ಅಪರಾಧವೆಂದು ಸಾರಿದ್ದ ಮಿಸೌರಿ ರಾಜ್ಯದ ಕೊಲಂಬಿಯಾ ನಗರದಲ್ಲಿ 2011ರಿಂದ ಒಂದು ಕಥೋಲಿಕ ಪ್ರೌಢಶಾಲೆ ನಡೆಯುತ್ತಿದೆ. ಅದರ ಬಾಗಿಲ ಮೇಲಿರುವುದು ಫಾದರ್ ಅಗಸ್ಟಸ್ ಟೋಲ್ಟನ್‌ರ ಹೆಸರು.